ಮುಖ ಕಂಡ್ತೇನಪ್ಪಾ

ಮೊನ್ನೆ ನಿಶ್ಚಿತಾರ್ಥದ ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಹುಡುಗಿಯೊಬ್ಬಳು ನಮ್ಮ ಸ್ಟುಡಿಯೋದ ಕನ್ನಡಿಯ ಮುಂದೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಸಣ್ಣ ಶೀಷೆಯ ಮುಚ್ಚಳ ತೆಗೆದದ್ದೇ ತಡ, ಆ ಘಾಟು ವಾಸನೆ ಒಳಗಿನ ಕೋಣೆಯಲ್ಲಿದ್ದ ನನ್ನ ಮೂಗಿಗೂ ಬಂತು. ಬೇರೆಯವರಿಗೆ ಆ ವಾಸನೆಯಿಂದ ಮದುವೆ ಮನೆ ನೆನಪಾಗಬಹುದು. ನನಗೆ ಮೊದಲು ಹಾರ್ಡ್ ಡಿಸ್ಕ್ ನೆನಪಾಗುತ್ತದೆ, ಅದರ ಹಿಂದೆಯೇ ಲ್ಯಾಬ್ ಮೇಡಂ ನೆನಪಾಗುತ್ತಾರೆ...

ಫ್ಯಾನ್ ಜೋರು ಮಾಡಿ ಬಂದು ಕೂತೆ. ಆಯುಧ ಪೂಜೆಗೆ ಇನ್ನು ಕೆಲವೇ ದಿನ ಇತ್ತು. ಈ ದಿನಗಳಲ್ಲಿ ನಾನು ಸಣ್ಣಪುಟ್ಟದ್ದಕ್ಕೂ ಬೆಚ್ಚುತ್ತೇನೆ, ಮನೆಯವರಿಗೆ ಅದು ರೂಢಿಯಾಗಿದೆ.

ದಾವಣಗೆರೆಯಲ್ಲಿ ನಾನು ಡಿಪ್ಲೊಮಾ ಓದುವಾಗ ಕಂಪ್ಯೂಟರ್ ಲ್ಯಾಬಿನಲ್ಲಿ ನಮಗೆ ಕಲಿಸುತ್ತಿದ್ದವರು ಈ ಮೇಡಂ. ಊರು ಹರಿಹರ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಮದುವೆಯಾಗಿರಲಿಲ್ಲ, ತಂಗಿಯ ಜೊತೆಗಿದ್ದರು. ಅವರಷ್ಟು ಹೆದರುವ ಮನುಷ್ಯರನ್ನು ನಾನು ಇವತ್ತಿಗೂ ಕಂಡಿಲ್ಲ. ಬಸ್ಸು ಲಾರಿಯನ್ನು ಹಿಂದೆ ಹಾಕುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಹರಿಹರದಲ್ಲೇ ಹುಟ್ಟಿ ಬೆಳೆದರೂ ಹೊಳೆಯ ಮೆಟ್ಟಿಲಿಳಿದು ಕಾಲು ತೋಯಿಸಿದವರಲ್ಲ. ಹಲ್ಲಿ, ಗುಡುಗು, ಗ್ಯಾಸಿನ ಒಲೆ, ಲಿಫ್ಟು, ಪ್ರಿನ್ಸಿಪಾಲರು, ಎಲ್ಲಕ್ಕೂ ಹೆದರುತ್ತಿದ್ದರು. ನಮ್ಮ ಕ್ಲಾಸಿನ ಪುಂಡರು ಒಮ್ಮೆ ಕೀಬೋರ್ಡಿನ ಕೆಳಗೆ ರಬ್ಬರ್ ಹಲ್ಲಿ ಇಟ್ಟಿದ್ದರು. ಮೇಡಂ ಕುರ್ಚಿ ಹತ್ತಿ ನಿಂತು, ಅಲ್ಲಿಂದಲೇ ಉಳಿದ ಪಾಠ ಮುಗಿಸಿದರು. ಕೆಳಗಿಳಿಯಲು ಅವರಿಗೆ ಧೈರ್ಯ ಬರಲಿಲ್ಲ, ನಗು ತಡೆಯಲು ನಮಗೆ ಆಗಲಿಲ್ಲ.

ಅವರ ಚೀಲದಲ್ಲಿ ಎಲ್ಲವೂ ಎರಡೆರಡು. ಎರಡು ಛತ್ರಿ, ಎರಡು ಟಾರ್ಚು, ಲ್ಯಾಬಿನ ಬೀಗಕ್ಕೆ ಎರಡು ಕೀಲಿ, ಒಂದು ಚೀಲದಲ್ಲಿ, ಇನ್ನೊಂದು ಸೆರಗಿನ ಗಂಟಿನಲ್ಲಿ. ನಾವು ಛೇಡಿಸಿದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. "ನಿಮಗೆಲ್ಲ ಧೈರ್ಯ ಐತಪ್ಪ, ಒಂದು ಸಾಕು. ನಂಗೆ ಎರಡು ಬೇಕು" ಅನ್ನುತ್ತಿದ್ದರು.

ಓದು ಮುಗಿಸಿ ನಾನು ಪಿ.ಜೆ. ಬಡಾವಣೆಯ ನಮ್ಮ ಸ್ಟುಡಿಯೋದಲ್ಲೇ ಅಪ್ಪನ ಜೊತೆ ಕೂತೆ. ಸ್ಟುಡಿಯೋ ಅಂದರೆ ಜನ ಮದುವೆ ಆಲ್ಬಂ ಅಂದುಕೊಳ್ಳುತ್ತಾರೆ. ನಿಜವಾಗಿ ಅದು ಪಾಸ್‌ಪೋರ್ಟ್ ಫೋಟೋಗಳ ಜಾಗ. ರೇಷನ್ ಕಾರ್ಡಿಗೆ, ಪೆನ್ಷನ್ನಿಗೆ, ಬ್ಯಾಂಕಿಗೆ ಎಂದು ಸುತ್ತಲ ಹಳ್ಳಿಯವರು ಬಂದು, ತಲೆಗೆ ಸೆರಗು ಹೊದ್ದುಕೊಂಡು, ಉಸಿರು ಬಿಗಿಹಿಡಿದು ಕೂತು ಹೋಗುತ್ತಾರೆ. ಎಷ್ಟೋ ಜನಕ್ಕೆ ಬದುಕಿನಲ್ಲಿ ಇರುವುದು ಅದೊಂದೇ ಫೋಟೋ. ಅವರು ತೀರಿಕೊಂಡ ದಿನ ಮನೆಯವರು ಮೊದಲು ಓಡಿ ಬರುವುದು ನಮ್ಮಲ್ಲಿಗೆ. ಅದನ್ನೇ ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ಹೂವಿನ ಹಾರ ಹಾಕುತ್ತಾರೆ.

ಹಾಗೆ ಒಂದು ದಿನ ಕುಕ್ಕುವಾಡದಿಂದ ಒಬ್ಬರು ಬಂದರು. ತಾಯಿ ಹೋಗಿದ್ದರು. ಪೆನ್ಷನ್ ಅರ್ಜಿಗೆಂದು ನಮ್ಮಲ್ಲಿ ತೆಗೆಸಿದ ಫೋಟೋ ದೊಡ್ಡದು ಮಾಡಿಕೊಡಿ ಅಂದರು. ಅದಕ್ಕೆ ಕೆಲವು ದಿನ ಮುಂಚೆಯಷ್ಟೇ ನಮ್ಮ ಹಾರ್ಡ್ ಡಿಸ್ಕ್ ಕೈಕೊಟ್ಟಿತ್ತು. ರಿಪೇರಿಯವರೂ ಕೈ ಚೆಲ್ಲಿದ್ದರು. ವಿಷಯ ಹೇಳಿದೆ. ಅವರು ಬೈಯಲಿಲ್ಲ. "ಬ್ಯಾರೆ ಎಲ್ಲಾದ್ರೂ ಇರತೈತೇನ್ರಿ?" ಎಂದು ಕೇಳಿದರು. ಇಲ್ಲ ಅಂದೆ. ಆದರೂ ಹೋಗಲಿಲ್ಲ. ಗೋಡೆಯ ಮೇಲೆ ಮಾದರಿಗೆಂದು ತೂಗುಹಾಕಿದ್ದ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಅವರ ತಾಯಿ ಅಲ್ಲೆಲ್ಲಾದರೂ ಇರಬಹುದೆಂದು ಹುಡುಕುತ್ತಿದ್ದಾರೆ ಎಂದು ನನಗೆ ತಡವಾಗಿ ಹೊಳೆಯಿತು. ಅಂದಿನಿಂದ ಬಾಗಿಲಲ್ಲಿ ಯಾರಾದರೂ ಟವೆಲ್ ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಿಂತರೆ ಸಾಕು, ನಾನು ಒಳಗಿನ ಕೋಣೆಗೆ ಸರಿದುಬಿಡುತ್ತಿದ್ದೆ.

ಹೆದರಿದವನಿಗೆ ಹೆದರುವವರೇ ನೆನಪಾಗುತ್ತಾರೆ. ಹರಿಹರಕ್ಕೆ ಹೋಗಿ ಮೇಡಂ ಮನೆ ಹುಡುಕಿದೆ. ಅವರು ಬಾಗಿಲ ಸರಪಳಿ ತೆಗೆಯದೆ, ಸಂದಿನಿಂದಲೇ ನನ್ನನ್ನು ಪೂರ್ತಿ ವಿಚಾರಿಸಿ, ಆಮೇಲೆ ಒಳಗೆ ಕರೆದರು. ಕುಕ್ಕುವಾಡದವರ ವಿಷಯ ಕೇಳುತ್ತ ಅವರ ಮುಖ ಬಾಡಿತು. "ಅಯ್ಯೋ ಪಾಪ... ಭಾನುವಾರ ಬರ್ತೀನಪ್ಪ. ಒಂದೇ ಕಂಪನೀದು, ಒಂದೇ ಅಳತೀದು ಎರಡು ಡಿಸ್ಕ್ ಬೇಕು. ಒಂದು ನೀನು ದಾವಣಗೆರ್‍ಯಾಗ ತಗೋ, ಇನ್ನೊಂದು ನಾನು ಇಲ್ಲಿಂದ ತರ್ತೀನಿ" ಅಂದರು. ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಂಡರೆ ಏನು ಎಂದು ಕೇಳಿದೆ. ಒಂದೇ ಡಬ್ಬದಲ್ಲಿ ಬಂದವು ಒಂದೇ ದಿನ ಕೈಕೊಟ್ಟರೆ ಎಂಬ ಹೆದರಿಕೆ ಅವರಿಗೆ.

ಭಾನುವಾರ ಬಂದು ಕೂತು ಎರಡೂ ಡಿಸ್ಕುಗಳನ್ನು ಜೋಡಿ ಮಾಡಿದರು. ಅದಕ್ಕೆ ರೇಡ್ ಅನ್ನುತ್ತಾರೆ. ಬೇರೆ ಯಂತ್ರ ಏನೂ ಬೇಕಿಲ್ಲ, ಕಂಪ್ಯೂಟರಿನ ಸಾಫ್ಟ್‌ವೇರೇ ಆ ಕೆಲಸ ಮಾಡುತ್ತದೆ. ಒಂದರ ಮೇಲೆ ಬರೆದದ್ದು ಅದೇ ಗಳಿಗೆಯಲ್ಲಿ ಇನ್ನೊಂದರ ಮೇಲೂ ಮೂಡುತ್ತದೆ, ಕನ್ನಡಿಯಲ್ಲಿ ಮೂಡಿದ ಹಾಗೆ. ಒಂದು ಸತ್ತರೂ ಇನ್ನೊಂದು ಅಂಗಡಿ ನಡೆಸುತ್ತದೆ. ಯಾವುದು ಯಾವುದೆಂದು ಗುರುತಿಗೆ ಚೀಟಿ ಅಂಟಿಸಲು ಹೋದೆ. ಚೀಟಿ ಶಾಖಕ್ಕೆ ಉದುರುತ್ತದೆ ಎಂದು ತಡೆದು, ಕನ್ನಡಿಯ ಕಟ್ಟೆಯ ಮೇಲೆ ಮದುವಣಗಿತ್ತಿಯರಿಗೆಂದು ಇಟ್ಟಿದ್ದ ಕೆಂಪು ಉಗುರುಬಣ್ಣ ತಂದರು. ದಾವಣಗೆರೆಯದಕ್ಕೆ ಒಂದು ಚುಕ್ಕೆ, ಹರಿಹರದ್ದಕ್ಕೆ ಎರಡು. ಹಚ್ಚಿ ಮುಗಿಸಿ ಉಫ್ ಉಫ್ ಎಂದು ಊದಿ ಒಣಗಿಸಿದರು.

ಮುಗಿಯಿತು ಅಂದುಕೊಂಡು ನಾನು ಟೀ ತರಿಸಲು ಹೊರಟೆ.

"ಈಗ ಇದನ್ನ ನಂಬ್ತೀಯೇನು?" ಎಂದು ಕೇಳಿದರು.

"ನಂಬ್ತೀನ್ರಿ ಮೇಡಂ."

"ನಾ ನಂಬಲ್ಲ. ನಡೀತಿರುವಾಗ್ಲೇ ಒಂದನ್ನ ಕಿತ್ತು ನೋಡು."

ಹಳೆಯ ಆಲ್ಬಂಗಳಿಂದ ಮತ್ತೆ ಸ್ಕ್ಯಾನ್ ಮಾಡಿ ಕಷ್ಟಪಟ್ಟು ಕೂಡಿಸಿದ ಫೋಟೋಗಳೆಲ್ಲ ಅದರೊಳಗೆ ಇದ್ದವು. ಮೇಡಂ ಬಿಡಲಿಲ್ಲ. ಸುಮ್ಮನೆ ಕಿತ್ತರೆ ಸಾಲದಂತೆ, ಒಂದು ಹೊಸ ಫೋಟೋ ಡಿಸ್ಕಿಗೆ ಬರುತ್ತಿರುವಾಗಲೇ ಕೀಳಬೇಕಂತೆ, ಆ ಫೋಟೋ ಉಳಿಯುತ್ತದೋ ನೋಡಬೇಕಂತೆ. ನಮ್ಮ ಕ್ಯಾಮೆರಾಕ್ಕೆ ವೈರು ಕಟ್ಟಿ ಕಂಪ್ಯೂಟರಿಗೆ ಜೋಡಿಸಿರುತ್ತೇವೆ, ತೆಗೆದ ಫೋಟೋ ನೇರ ಡಿಸ್ಕಿಗೆ ಹೋಗುತ್ತದೆ. ಕ್ಯಾಮೆರಾ ಹಿಡಿಯಲು ಅಪ್ಪ ಬೇಕು, ವೈರು ಕೀಳಲು ನಾನು ಬೇಕು. ಸ್ಟೂಲಿನ ಮೇಲೆ ಕೂರಲು ಉಳಿದವರು ಮೇಡಂ ಒಬ್ಬರೇ.

"ನಾನಾ? ಬ್ಯಾಡ್ರಿ ಯಜಮಾನ್ರೇ. ಫೋಟೋ ತೆಗೆಸಿಕೊಂಡ್ರೆ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮಜ್ಜಿ ಹೇಳ್ತಿದ್ಲು. ನಾ ಒಂದೂ ತೆಗೆಸಿಲ್ಲ."

"ನಮ್ಮಜ್ಜೀನೂ ಹಂಗೇ ಹೇಳ್ತಿದ್ಲು ತಾಯಿ. ನಾ ಊರಿಗೆಲ್ಲ ಫೋಟೋ ತೆಗೆದೀನಿ. ಕೂಡ್ರಿ" ಅಂದರು ಅಪ್ಪ.

ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. ನಾನು ಮೇಜಿನ ಕೆಳಗೆ ಮಂಡಿಯೂರಿ, ತೆರೆದ ಕಂಪ್ಯೂಟರ್ ಡಬ್ಬದೊಳಗೆ ಕೈ ಹಾಕಿ, ಒಂದು ಚುಕ್ಕೆಯ ಡಿಸ್ಕಿನ ತೆಳ್ಳನೆಯ ಕೆಂಪು ವೈರು ಹಿಡಿದೆ. ಬೆವರಿಗೆ ಬೆರಳು ಜಾರುತ್ತಿತ್ತು. ಅಪ್ಪ "ರೆಡಿ" ಅಂದರು. ಕ್ಯಾಮೆರಾ ಕ್ಲಿಕ್ ಎಂದದ್ದೂ ನಾನು ವೈರು ಎಳೆದದ್ದೂ ಒಟ್ಟಿಗೇ ಆಯಿತು. ಪರದೆ ಹಾಗೇ ನಿಂತುಬಿಟ್ಟಿತು. ಮೌಸಿನ ಬಾಣ ಅಲ್ಲಾಡಲಿಲ್ಲ. ಎಲ್ಲವೂ ಹೋಯಿತು, ಕುಕ್ಕುವಾಡದವರಂಥ ಇನ್ನೆಷ್ಟು ಜನ ಬರುತ್ತಾರೋ ಎಂದು ನಾನು ಮೇಜಿನ ಕೆಳಗೇ ಲೆಕ್ಕ ಹಾಕತೊಡಗಿದ್ದೆ. ಆಗ ಪರದೆ ಮಿಟುಕಿತು. ಮೇಡಂ ಮುಖ ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಂಡಿತು, ಮೊದಲು ಬೈತಲೆ, ಆಮೇಲೆ ವಿಭೂತಿ, ಆಮೇಲೆ ಕಣ್ಣು.

ಅವರು ಕ್ಯಾಮೆರಾ ನೋಡಿರಲಿಲ್ಲ. ಕತ್ತು ತಿರುಗಿಸಿ, ಕಣ್ಣು ಅಗಲಿಸಿ, ಮೇಜಿನ ಕೆಳಗಿದ್ದ ನನ್ನ ಕೈಯನ್ನೇ ನೋಡುತ್ತಿದ್ದರು.

ಅಷ್ಟಕ್ಕೂ ಬಿಡಲಿಲ್ಲ. ಕಿತ್ತದ್ದನ್ನು ಮತ್ತೆ ಜೋಡಿಸಿ, ಉಳಿದದ್ದು ಅದಕ್ಕೆ ನಕಲಾಗುವವರೆಗೆ ಕಾಯಿಸಿದರು. ಪರದೆಯ ಮೇಲೆ ಅಂಕಿ ಆಮೆಯ ಹಾಗೆ ಏರುತ್ತಿತ್ತು. ಆಮೇಲೆ ಎರಡು ಚುಕ್ಕೆಯದನ್ನೂ ಕೀಳಿಸಿದರು. ಮತ್ತೆ ಅದೇ ಮುಖ ಬಂತು. ಆಗಲೇ ಅವರು ಟೀ ಕುಡಿದದ್ದು. ಕುಡಿಯುತ್ತ ಇನ್ನೊಂದು ಹೆದರಿಕೆ ಹೇಳಿದರು. ನಾನೇ ತಪ್ಪಿ ಒಂದು ಫೋಟೋ ಅಳಿಸಿದರೆ ಎರಡರಲ್ಲೂ ಅಳಿಸಿ ಹೋಗುತ್ತದೆ, ಆದ್ದರಿಂದ ಬೇಕಾದವನ್ನು ಹೊರಗೆ ಬೇರೆ ಡಿಸ್ಕಿನಲ್ಲೂ ಇಡು, ಈ ಜೋಡಿಯನ್ನು ವರ್ಷಕ್ಕೊಮ್ಮೆ ಹೀಗೇ ಪರೀಕ್ಷೆ ಮಾಡು ಎಂದು. ಆಮೇಲೆ ತಮ್ಮ ಫೋಟೋ ಅಳಿಸಿಬಿಡು ಅಂದರು. ಅಪ್ಪ ಒಪ್ಪಲಿಲ್ಲ. "ವರ್ಷಾ ವರ್ಷಾ ಪರೀಕ್ಷಿ ಮಾಡ್ಬೇಕು ಅಂತೀರಲ್ಲ ತಾಯಿ, ಅದಕ್ಕ ಇರ್ಲಿ. ಆಯುಧ ಪೂಜಿ ದಿನ ಒಂದು ವೈರು ಕಿತ್ತು ನಿಮ್ಮ ಮುಖ ನೋಡ್ತೀವಿ. ಕಂಡ್ರೆ ಎಲ್ಲಾರ ಮುಖಾನೂ ಐತೆ ಅಂತ ಅರ್ಥ" ಅಂದರು.

ಅದು ನಮ್ಮ ಸ್ಟುಡಿಯೋದ ಪದ್ಧತಿಯೇ ಆಯಿತು. ಆಯುಧ ಪೂಜೆಯ ದಿನ ಕ್ಯಾಮೆರಾ, ದೀಪದ ಕಂಬ, ಫೋಟೋ ಕತ್ತರಿಸುವ ಯಂತ್ರ, ಕಂಪ್ಯೂಟರು, ಎಲ್ಲವನ್ನೂ ಒರೆಸಿ ವಿಭೂತಿ ಬಳಿದು ಕುಂಕುಮ ಇಟ್ಟು, ಕಾಯಿ ಒಡೆದ ಮೇಲೆ ಒಂದೊಂದಾಗಿ ವೈರು ಕೀಳುವುದು. ಮೇಡಂ ಹೆದರಿದ ಮುಖ ಪರದೆಯ ಮೇಲೆ ಬಂದರೆ ನಮಗೆ ಧೈರ್ಯ. ಆ ಹೊತ್ತಿಗೆ ಸರಿಯಾಗಿ ಹರಿಹರದಿಂದ ಫೋನ್ ಬರುತ್ತಿತ್ತು.

"ಮುಖ ಕಂಡ್ತೇನಪ್ಪಾ?"

"ಕಂಡ್ತು ಮೇಡಂ."

"ಎರಡರಾಗೂ?"

"ಎರಡರಾಗೂ."

ಅಷ್ಟೇ ಮಾತು. ಫೋನಿನಲ್ಲಿ ಹೆಚ್ಚು ಹೊತ್ತು ಮಾತಾಡಿದರೆ ಕಿವಿಗೆ ಏನಾದರೂ ಆಗುತ್ತದೆ ಎಂಬ ಹೆದರಿಕೆಯೂ ಅವರಿಗಿತ್ತು. ವರ್ಷಗಳು ಹೀಗೇ ಹೋದವು. ಅವರು ರಿಟೈರ್ ಆದರು. ನನ್ನ ತಲೆ ನೆರೆಯತೊಡಗಿತು. ಫೋಟೋದಲ್ಲಿದ್ದ ಮೇಡಂಗೆ ಮಾತ್ರ ವಯಸ್ಸಾಗಲಿಲ್ಲ.

ಒಂದು ವರ್ಷ ಆಯುಧ ಪೂಜೆಯ ಬೆಳಿಗ್ಗೆ ನಾನು ಹೂವು, ಬಾಳೆಕಂದು ತರಲು ಹೋಗಿದ್ದೆ. ಬರುವಷ್ಟರಲ್ಲಿ ಅಪ್ಪ ಅರ್ಧ ಕೆಲಸ ಮುಗಿಸಿದ್ದರು. ಪ್ರತಿ ವರ್ಷ ನಾನು ಡಬ್ಬ ತೆರೆಯುವುದನ್ನು ನೋಡಿ ನೋಡಿ ಅವರಿಗೂ ಅದು ನೀರು ಕುಡಿದಷ್ಟು ಸಲೀಸು. ಡಿಸ್ಕುಗಳನ್ನು ಹೊರಗೆ ತೆಗೆದು, ಒರೆಸಿ, ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮ ಇಟ್ಟು, ಮತ್ತೆ ಒಳಗೆ ಸಿಕ್ಕಿಸಿದ್ದರು. ಅವರ ಮುಖದಲ್ಲಿ ಸಂತೋಷ ಇತ್ತು.

"ಹಳೇ ಕುಂಕುಮ ಗಟ್ಟಿಯಾಗಿ ಕೂತುಬಿಟ್ಟಿತ್ತು ನೋಡು, ನೀರಿಗೆ ಹೋಗ್ಲೇ ಇಲ್ಲ. ಪೇಂಟಿನ ತಿನ್ನರ್ ಹಾಕಿ ತಿಕ್ಕಿದೆ. ಈಗ ಹೊಸದರಂಗೆ ಆಗ್ಯಾವೆ" ಅಂದರು.

ಕೋಣೆಯೊಳಗೆ ಉಗುರುಬಣ್ಣದ್ದೇ ವಾಸನೆ ತುಂಬಿತ್ತು. ಹಳೆಯ ಕುಂಕುಮವೆಂದು ಅವರು ತಿಕ್ಕಿ ತೆಗೆದದ್ದು ಮೇಡಂ ಹಚ್ಚಿದ ಚುಕ್ಕೆಗಳನ್ನು. ಡಿಸ್ಕಿನ ಮೇಲೆ ಅಚ್ಚಾಗಿದ್ದ ನಂಬರುಗಳೂ ಅದರ ಜೊತೆ ಕರಗಿ ಬೂದಿಬಣ್ಣದ ಕಲೆಯಾಗಿದ್ದವು. ಎಷ್ಟು ತಿನ್ನರ್ ಒಳಗಿಳಿದಿದೆಯೋ ಶಿವನೇ ಬಲ್ಲ. ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಫೋನ್ ಬಂತು. ಹರಿಹರದ ನಂಬರು. ಪೂಜೆಗೆ ಮುಂಚೆಯೇ ಮಾಡಿದ್ದಾರಲ್ಲ ಅಂದುಕೊಂಡು ಎತ್ತಿದೆ. "ಇನ್ನೂ ನೋಡಿಲ್ಲ ಮೇಡಂ, ಸ್ವಲ್ಪ ತಡೀರಿ" ಅಂದೆ.

"ನಾನು ಅವರ ತಂಗಿ ರೀ" ಎಂಬ ದನಿ ಬಂತು. "ಅಕ್ಕ ಹೋಗಿಬಿಟ್ಲು. ಬೆಳಿಗ್ಗೆ ಎಬ್ಬಿಸಾಕೆ ಹೋದೆ, ಏಳ್ಲಿಲ್ಲ... ನಾಳೆ ಮಣ್ಣು. ನಮ್ಮನ್ಯಾಗ ಆಕೀದು ಒಂದು ಫೋಟೋನೂ ಇಲ್ರಿ. ಆಧಾರ್ ಕಾರ್ಡಿನ್ಯಾಗ ಇರೋದು ಅಕ್ಕ ಅಂತ ಗೊತ್ತೇ ಆಗಲ್ಲ. ದಾವಣಗೆರಿ ಸ್ಟುಡಿಯೋದಾಗ ನಂದೊಂದು ಐತೆ ಅಂತ ನಗಾಡ್ತಿದ್ಲು. ಐತೇನ್ರಿ?"

ಐತ್ರೀ ಅಂದೆ. ಹಾಗನ್ನದೆ ಬೇರೆ ದಾರಿ ಇರಲಿಲ್ಲ.

ಫೋನ್ ಇಟ್ಟ ಮೇಲೆ ನನಗೆ ಅಳು ಬರಲಿಲ್ಲ, ಭಯ ಬಂತು. ಗಿರಾಕಿಗಳ ಫೋಟೋಗಳಿಗೆಲ್ಲ ಹೊರಗೆ ಇನ್ನೊಂದು ಪ್ರತಿ ಇತ್ತು, ಮೇಡಂ ಹೇಳಿದ ಹಾಗೆಯೇ ಇಟ್ಟಿದ್ದೆ. ಪರೀಕ್ಷೆಗೆಂದು ತೆಗೆದ ಆ ಒಂದು ಫೋಟೋಗೆ ಮಾತ್ರ ಇರಲಿಲ್ಲ. ಅದನ್ನು ಫೋಟೋ ಎಂದು ಯಾರು ಎಣಿಸಿದ್ದರು... ಅದು ಇದ್ದದ್ದು ಅಪ್ಪ ತಿನ್ನರಿನಲ್ಲಿ ತಿಕ್ಕಿದ ಆ ಎರಡು ಡಿಸ್ಕುಗಳಲ್ಲಿ ಮಾತ್ರ.

ಸ್ವಿಚ್ ಹಾಕಿದೆ. ಡಬ್ಬದೊಳಗಿಂದ ಟಕ್, ಟಕ್, ಟಕ್ ಎಂದು ಸದ್ದು ಬಂತು. ಪರದೆ ಕಪ್ಪಾಗಿಯೇ ಉಳಿಯಿತು. ಕೂಡಲೇ ಆರಿಸಿದೆ. ಆ ಸದ್ದು ಒಂದರದೋ ಎರಡರದೋ, ಒಂದರದಾದರೆ ಯಾವುದರದು, ಒಂದೂ ತಿಳಿಯಲಿಲ್ಲ. ಅಕ್ಕಪಕ್ಕ ಕೂತಿದ್ದ ಎರಡಕ್ಕೂ ಒಂದೇ ಥರದ ವಿಭೂತಿ, ಒಂದೇ ಗಾತ್ರದ ಕುಂಕುಮ. ಟಕ್ ಅನ್ನುವ ಡಿಸ್ಕನ್ನು ಮತ್ತೆ ಮತ್ತೆ ತಿರುಗಿಸಿದರೆ ಒಳಗಿನದೆಲ್ಲ ಗೀಚಿ ಹೋಗುತ್ತದೆ ಎಂದು ಮೇಡಂ ಲ್ಯಾಬಿನಲ್ಲಿ ಹೇಳಿದ್ದು ಕಿವಿಯಲ್ಲಿತ್ತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಕೇಳಲು ನನಗೆ ಗೊತ್ತಿದ್ದ ನಂಬರು ಒಂದೇ. ಬೆರಳು ಅಭ್ಯಾಸಬಲದಿಂದ ಅದರ ಮೇಲೆ ಹೋಗಿ ನಿಂತಿತು.

ಅಪ್ಪನಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು. ಗ್ರಾಹಕರ ಬೆಂಚಿನ ಮೇಲೆ ಕುಸಿದು ಕೂತಿದ್ದರು. ಕೈಯೆಲ್ಲ ವಿಭೂತಿ. "ನಾ ಏನ್ ಮಾಡಿಬಿಟ್ಟೆ... ಶಿವಾ... ಆ ತಾಯಿ ಮುಖಾನೇ ಒರೆಸಿಬಿಟ್ನಾ" ಅನ್ನುತ್ತಿದ್ದರು. ಅವರನ್ನು ಸಮಾಧಾನ ಮಾಡುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ.

ಎರಡೂ ವೈರು ಕಿತ್ತೆ. ಎಡಗಡೆಯದಕ್ಕೆ ಮಾತ್ರ ಜೋಡಿಸಿ ಸ್ವಿಚ್ ಹಾಕಿದೆ. ಟಕ್, ಟಕ್. ಆರಿಸಿದೆ. ಇನ್ನು ಉಳಿದದ್ದು ಒಂದೇ. ಅದೂ ಹೋಗಿದ್ದರೆ ಹರಿಹರಕ್ಕೆ ಬರಿಗೈಯಲ್ಲಿ ಹೋಗಿ ಆ ತಂಗಿಯ ಮುಂದೆ ನಿಲ್ಲಬೇಕು. ಆಕೆಯೂ ಬೈಯುವುದಿಲ್ಲ, ಬೇರೆ ಎಲ್ಲಾದರೂ ಇರುತ್ತದೆಯೇ ಎಂದು ಕೇಳುತ್ತಾರೆ. ಬಲಗಡೆಯದಕ್ಕೆ ವೈರು ಸಿಕ್ಕಿಸಲು ಹೋದರೆ ಕೈ ನಡುಗಿ ಅದು ಕೂರುತ್ತಲೇ ಇಲ್ಲ. ಅಪ್ಪ ಎದ್ದು ಬಂದು, ವಿಭೂತಿಯ ಕೈಯಿಂದಲೇ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು. ವೈರು ಕೂತಿತು. ಸ್ವಿಚ್ ಹಾಕಿದೆ, ಪರದೆ ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿಕೊಂಡೆ. ಲಾರಿ ಹಿಂದೆ ಹಾಕುವಾಗ ಮೇಡಂ ಮುಚ್ಚಿಕೊಳ್ಳುತ್ತಿದ್ದದ್ದು ಹೀಗೇ ಇರಬೇಕು.

ಟಕ್ ಅನ್ನಲಿಲ್ಲ. ಸಣ್ಣಗೆ ಗುಂಯ್ ಎಂದು ತಿರುಗುವ ಸದ್ದು ಬಂತು. ಪರದೆಯ ಮೇಲೆ, ಜೋಡಿಯಲ್ಲಿ ಒಂದಿಲ್ಲ, ಒಂದರಲ್ಲೇ ನಡೆಸುತ್ತಿದ್ದೇನೆ ಎಂಬರ್ಥದ ಸಾಲು ಬಂತು. ಫೋಟೋ ತೆರೆದೆ. ಬೈತಲೆ, ವಿಭೂತಿ, ಕಣ್ಣು... ಅಪ್ಪ ಪರದೆಗೇ ಕೈ ಮುಗಿದರು. ನನಗೆ ಆಗ ಅಳು ಬಂತು, ಮನಸಾರೆ ಅತ್ತೆ. ಅದನ್ನು ಮೊದಲು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡೆ, ಆಮೇಲೆ ಇನ್ನೊಂದಕ್ಕೂ ಹಾಕಿಕೊಂಡೆ. ಆಮೇಲೆ ಟಾರ್ಚು ಹಿಡಿದು ಆ ಡಿಸ್ಕಿನ ಬದಿ ನೋಡಿದೆ. ಸ್ಕ್ರೂವಿನ ತಗ್ಗಿನಲ್ಲಿ ತಿನ್ನರಿಗೆ ಸಿಗದೆ ಕೆಂಪು ಬಣ್ಣ ಚೂರು ಉಳಿದಿತ್ತು, ಅದರ ಪಕ್ಕದಲ್ಲಿ ಇನ್ನೊಂದು ಚೂರು. ಎರಡು ಚುಕ್ಕೆಯದು, ಅವರು ಹರಿಹರದಿಂದ ಚೀಲದಲ್ಲಿಟ್ಟು ತಂದದ್ದು.

ಚೌಕಟ್ಟು ಹಾಕಿಸಿಕೊಂಡು ನಾನೂ ಅಪ್ಪನೂ ಹರಿಹರಕ್ಕೆ ಹೋದೆವು. ಬಸ್ಸಿಗೆ ಕಟ್ಟಿದ್ದ ಬಾಳೆಕಂದು ಗಾಳಿಗೆ ಬಡಿಯುತ್ತಿತ್ತು. ಎಲ್ಲದಕ್ಕೂ ಹೆದರುತ್ತಿದ್ದ ಅಕ್ಕ ನಿದ್ದೆಯಲ್ಲೇ ಹೋದಳು, ಹೆದರುವುದಕ್ಕೆ ಹೊತ್ತೇ ಸಿಗಲಿಲ್ಲ ಎಂದು ತಂಗಿ ಹೇಳಿದರು. ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು.

"ಅಕ್ಕ ಇದರಾಗ ಏನ್ ನೋಡಾಕ್ಹತ್ಯಾಳ್ರಿ?" ಎಂದು ಕೇಳಿದರು.

"ನನ್ನ ಕೈನ ರೀ" ಅಂದೆ.

ಈಗ ಸ್ಟುಡಿಯೋದಲ್ಲಿರುವುದು ಹೊಸ ಜೋಡಿ. ಒಂದು ದಾವಣಗೆರೆಯಲ್ಲಿ ಕೊಂಡದ್ದು, ಒಂದು ಹರಿಹರಕ್ಕೆ ಹೋಗಿ ತಂದದ್ದು. ಚುಕ್ಕೆ ನಾನೇ ಹಚ್ಚಿದ್ದೇನೆ, ಅಪ್ಪನ ಕುಂಕುಮದ ಭಯಕ್ಕೆ ಹಸಿರು ಬಣ್ಣ. ಅಪ್ಪನಿಗೆ ವಯಸ್ಸಾಗಿದೆ, ಡಬ್ಬದ ಹೊರಗಿನಿಂದಲೇ ವಿಭೂತಿ ಬಳಿದು ಸುಮ್ಮನಾಗುತ್ತಾರೆ. ಕಾಯಿ ಒಡೆದ ಮೇಲೆ ಈ ಸಲವೂ ವೈರು ಕೀಳುತ್ತೇನೆ. ಇಷ್ಟು ವರ್ಷವಾದರೂ ಬೆರಳು ಬೆವರುವುದು ನಿಂತಿಲ್ಲ. ಮುಖ ಬರುತ್ತದೆ. ಆಮೇಲೆ ಸ್ವಲ್ಪ ಹೊತ್ತು ನಾವಿಬ್ಬರೂ ಕೌಂಟರಿನ ಮೇಲಿನ ಫೋನ್ ನೋಡುತ್ತ ಕೂರುತ್ತೇವೆ. ಹರಿಹರದ ಕರೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತು.

"ಕಂಡ್ತು ಮೇಡಂ, ಎರಡರಾಗೂ" ಎಂದು ಪರದೆಗೇ ಹೇಳುತ್ತೇನೆ. ಅವರು ನನ್ನ ಮುಖ ನೋಡುವುದಿಲ್ಲ. ಮೇಜಿನ ಕೆಳಗೆ ವೈರು ಹಿಡಿದಿರುವ ನನ್ನ ಕೈಯನ್ನೇ ನೋಡುತ್ತಿರುತ್ತಾರೆ, ಹೆದರಿಕೊಂಡು.